ಗ್ಲೀನ್ ಅಂದರೆ ಹಕ್ಕಲಾಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಪದವಿ ಓದುವ, ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ನಡೆಸುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಿಂದ ಬರುತ್ತಾರೆ. ಓದುವಾಗ ಎಲ್ಲೋ ಒಂದು ಕಡೆ ‘ಗ್ಲೀನ್’ ಅನ್ನುವ ಕ್ರಿಯಾಪದ ಎದುರಾಗುತ್ತದೆ. ಆಮೇಲೆ ಅವವೇ ಪ್ರಶ್ನೆಗಳು. ನನಗೆ ಈ ಪದದ ಮೇಲೆ ತುಂಬಾ ಪ್ರೀತಿ. ಅದಕ್ಕೇ ಕೇಳಿದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

‘ಗ್ಲೀನ್’ ಅಂದರೆ ಏನು?

ಎರಡು ಅರ್ಥ ಇವೆ. ಮೊದಲನೆಯದು ಹೊಲದ್ದು. ಕೊಯ್ಲು ಮುಗಿದ ಮೇಲೆ ನೆಲದಲ್ಲಿ ಬಿದ್ದು ಉಳಿದ ತೆನೆ, ಕಾಳುಗಳನ್ನು ಒಂದೊಂದಾಗಿ ಆಯ್ದುಕೊಳ್ಳುವುದು. ಎರಡನೆಯದು ಅದರಿಂದಲೇ ಬೆಳೆದದ್ದು. ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಚೂರುಚೂರಾಗಿ, ಕಷ್ಟಪಟ್ಟು ಕೂಡಿಸಿ ತಿಳಿದುಕೊಳ್ಳುವುದು. ಇವತ್ತಿನ ಇಂಗ್ಲಿಷ್‌ನಲ್ಲಿ ಎರಡನೆಯದೇ ಜಾಸ್ತಿ ಸಿಗುತ್ತದೆ.

ಉಚ್ಚಾರ ಹೇಗೆ?

‘ಗ್ಲೀನ್’. ಕ್ಲೀನ್, ಗ್ರೀನ್ ಅಂದ ಹಾಗೇ ‘ಈ’ ದೀರ್ಘ. ಇಂಗ್ಲಿಷ್‌ನಲ್ಲಿ ಐದೇ ಅಕ್ಷರ: ಜಿ, ಎಲ್, ಇ, ಎ, ಎನ್. ಕೊನೆಯ ಅಕ್ಷರ ‘ಎಮ್’ ಆದರೆ ಅದು ‘ಗ್ಲೀಮ್’. ಅದಕ್ಕೆ ಮಿನುಗು, ಹೊಳೆ ಎಂಬ ಅರ್ಥ. ಇವೆರಡಕ್ಕೂ ಸಂಬಂಧವೇ ಇಲ್ಲ.

ನಿಘಂಟಿನಲ್ಲಿ ‘ಸಂಗ್ರಹಿಸು’ ಅಂತ ಬರೆದಿದೆಯಲ್ಲ, ಅಷ್ಟು ಸಾಲದೇ?

ಸಾಲದು. ಇದೊಂದು ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಹೇಳುತ್ತೇನೆ.

‘ಸಂಗ್ರಹಿಸು’ ಅಂದಾಗ ಒಂದು ಗೋದಾಮು ಕಣ್ಣ ಮುಂದೆ ಬರುತ್ತದೆ. ಚೀಲ, ಲೆಕ್ಕ, ಕೀಲಿ. ತೆರಿಗೆ ಸಂಗ್ರಹಿಸುತ್ತಾರೆ, ನೀರು ಸಂಗ್ರಹಿಸುತ್ತಾರೆ, ಅಂಚೆಚೀಟಿ ಸಂಗ್ರಹಿಸುತ್ತಾರೆ. ‘ಗ್ಲೀನ್’ ಅಂದಾಗ ನನ್ನ ಕಣ್ಣಿಗೆ ಬರುವುದು ಬಾಗಿದ ಬೆನ್ನು.

ನಮ್ಮ ಊರು ಡೋಣಿ ನದಿಯ ದಂಡೆಗೆ ಹತ್ತಿರ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ನಮ್ಮ ಕಡೆ ಹೇಳುತ್ತಾರೆ. ಎರೆ ಭೂಮಿ, ಹಿಂಗಾರಿ ಜೋಳ. ಫೆಬ್ರುವರಿ, ಮಾರ್ಚ್ ಅಂದರೆ ಸುಗ್ಗಿ. ಜೋಳವನ್ನು ಬೇರುಸಹಿತ ಕಿತ್ತು ಮಲಗಿಸುತ್ತಾರೆ. ತೆನೆ ಮುರಿದು ಕಣಕ್ಕೆ ಒಯ್ಯುತ್ತಾರೆ. ಕಣಿಕಿಯನ್ನು ಸೂಡು ಕಟ್ಟಿ ಬಣವಿ ಒಟ್ಟುತ್ತಾರೆ. ಇಷ್ಟೆಲ್ಲ ಆಗುವ ಹೊತ್ತಿಗೆ ಹೊಲದ ತುಂಬ ಒಂದೊಂದು ತೆನೆ ಬಿದ್ದಿರುತ್ತದೆ. ಅದಕ್ಕೆ ‘ಹಕ್ಕಲು’ ಅನ್ನುತ್ತಾರೆ. ನಮ್ಮ ಮನೆಯ ಮಾತಿನಲ್ಲಿ ‘ಹಕ್ಕಲಾ’. ಅದನ್ನು ಆಯುವುದೇ ಹಕ್ಕಲಾಯುವುದು.

ನನಗೆ ಎಂಟೋ ಒಂಬತ್ತೋ ವರ್ಷ. ಅವ್ವ ಮೊದಲು ಹೊಲದವರ ಹತ್ತಿರ ಹೋಗಿ ಕೇಳುತ್ತಿದ್ದಳು. ‘ಕಾಕಾ, ಹಕ್ಕಲಾ ಆರಿಸ್ಕೋತೀವ್ರಿ.’ ಅವರು, ‘ಆರಿಸ್ಕೋರಿ, ಸೂಡಿನ ಹತ್ತಿರ ಬರಬ್ಯಾಡ್ರಿ’ ಅನ್ನುತ್ತಿದ್ದರು. ಅವ್ವ ಸೀರೆಯ ಸೆರಗನ್ನು ಸೊಂಟಕ್ಕೆ ಸುತ್ತಿ ಉಡಿ ಮಾಡಿಕೊಂಡು ಹೊರಡುತ್ತಿದ್ದಳು. ನಾನು ನೆಟ್ಟಗೆ ನಿಂತು ಸುತ್ತ ನೋಡಿ, ‘ಇಲ್ಲೇನೂ ಇಲ್ಲ’ ಅನ್ನುತ್ತಿದ್ದೆ. ‘ಬಾಗಿ ನೋಡಬೇ ತಂಗಿ, ನಿಂತು ನೋಡಿದ್ರ ಕಾಣಂಗಿಲ್ಲ’ ಅನ್ನುತ್ತಿದ್ದಳು ಅವ್ವ.

ಆ ಹೊತ್ತಿಗೆ ಎರೆ ನೆಲ ಬಿರುಕು ಬಿಟ್ಟಿರುತ್ತದೆ. ಕೆಲವು ಬಿರುಕಿನಲ್ಲಿ ಮಕ್ಕಳ ಕೈ ಮೊಣಕೈತನಕ ಇಳಿಯುತ್ತದೆ. ತೆನೆ ಅದರೊಳಗೆ ಬಿದ್ದಿರುತ್ತದೆ, ಮೇಲಿನಿಂದ ಬರೀ ಒಂದು ಒಣಗಿದ ಎಲೆ ಕಾಣುತ್ತದೆ. ಎರಡು ಬೆರಳು ಇಳಿಸಿ, ಕಾಳು ಉದುರದ ಹಾಗೆ ಮೆಲ್ಲಗೆ ಎಳೆಯಬೇಕು. ಅವಸರ ಮಾಡಿದರೆ ಕೈಗೆ ಬರೀ ದೇಟು ಸಿಗುತ್ತದೆ. ಸಂಜೆ ಮನೆಗೆ ಬಂದು ಬಡಿಗೆಯಿಂದ ಬಡಿದು, ಮೊರದಲ್ಲಿ ಕೇರಿ, ಸೇರಿನಲ್ಲಿ ಅಳೆದರೆ ಎರಡು ದಿನದ ರೊಟ್ಟಿಗಾಗುವಷ್ಟು ಜೋಳ.

ಈ ಕೆಲಸದಲ್ಲಿ ಮೂರು ಸಂಗತಿ ಇವೆ ನೋಡಿ. ಮಾಲು ಇನ್ನೊಬ್ಬರು ಬಿಟ್ಟು ಹೋದದ್ದು. ಒಂದೇ ಕಡೆ ಸಿಗದೆ ಚದುರಿ ಬಿದ್ದದ್ದು. ಸಿಗುವುದು ಸ್ವಲ್ಪ, ಪಡುವ ಕಷ್ಟ ಜಾಸ್ತಿ. ‘ಗ್ಲೀನ್’ ಅನ್ನುವ ಐದಕ್ಷರದ ಒಳಗೆ ಈ ಮೂರೂ ಇವೆ. ‘ಸಂಗ್ರಹಿಸು’ ಅಂತ ಬರೆದುಕೊಂಡರೆ ಮೂರೂ ಹೋಗುತ್ತವೆ. ‘ಹಕ್ಕಲಾಯು’ ಅಂತ ಬರೆದುಕೊಂಡರೆ ಮೂರೂ ಉಳಿಯುತ್ತವೆ. ನಮ್ಮ ಹಳ್ಳಿಯ ಮಕ್ಕಳಿಗೆ ಈ ಇಂಗ್ಲಿಷ್ ಪದ ಕಷ್ಟ ಆಗಬೇಕಿಲ್ಲ. ಅದರ ಅರ್ಥ ಅವರ ಮನೆಯಲ್ಲೇ ಇದೆ.

ಹೊಲದ ಮಾತು ಮಾಹಿತಿಗೆ ಹೇಗೆ ಹೊಂದುತ್ತದೆ? ಒಂದು ಒಳ್ಳೆಯ ಉದಾಹರಣೆ ಕೊಡಿ.

ಬಾಗಲಕೋಟೆ ಜಿಲ್ಲೆಯ ಐಹೊಳೆಗೆ ಹೋಗೋಣ. ಅಲ್ಲಿ ಮೇಗುಟಿ ಬಸದಿಯ ಗೋಡೆಯ ಮೇಲೆ ಒಂದು ಶಾಸನ ಇದೆ. ಇಸವಿ 634ರದ್ದು. ರವಿಕೀರ್ತಿ ಎಂಬ ಕವಿ ಸಂಸ್ಕೃತದಲ್ಲಿ ಬರೆದದ್ದು. ತನ್ನ ದೊರೆ ಇಮ್ಮಡಿ ಪುಲಕೇಶಿಯನ್ನು ಹೊಗಳುವುದು, ಬಸದಿ ಕಟ್ಟಿಸಿದ್ದನ್ನು ಹೇಳುವುದು ಅವನ ಉದ್ದೇಶ. ಅವನ ಸುಗ್ಗಿ ಅದು. ಆದರೆ ಕೊನೆಗೆ ತನ್ನ ಬಗ್ಗೆ ಹೇಳಿಕೊಳ್ಳುತ್ತ, ಕಾಳಿದಾಸ, ಭಾರವಿಯರಿಗೆ ಸಮನಾದ ಕೀರ್ತಿ ತನ್ನದು ಅನ್ನುತ್ತಾನೆ.

ಸಾವಿರಕ್ಕೂ ಹೆಚ್ಚು ವರ್ಷ ಆದ ಮೇಲೆ ವಿದ್ವಾಂಸರು ಬಂದರು. ಕಾಳಿದಾಸ ಯಾವ ಕಾಲದವನು ಅಂತ ಹುಡುಕುತ್ತಿದ್ದರು. ಕಾಳಿದಾಸ ತನ್ನ ಕಾಲವನ್ನು ಎಲ್ಲೂ ಬರೆದಿಟ್ಟಿಲ್ಲ. ಐಹೊಳೆಯ ಈ ಹೆಸರು ಸಿಕ್ಕಿತು. 634ಕ್ಕೆ ಮೊದಲೇ ಅವನು ಇದ್ದ, ಅಷ್ಟೇ ಅಲ್ಲ, ಹೆಸರುವಾಸಿಯೂ ಆಗಿದ್ದ ಎಂದು ಗೊತ್ತಾಯಿತು. ರವಿಕೀರ್ತಿ ಇದನ್ನು ತಿಳಿಸಲು ಆ ಸಾಲು ಬರೆಯಲಿಲ್ಲ. ಅವನ ಹೊಲದಲ್ಲಿ ಉದುರಿ ಉಳಿದ ತೆನೆ ಅದು. ಬಾಗಿ ನೋಡಿದವರಿಗೆ ಸಿಕ್ಕಿತು.

ಇಲ್ಲಿ ಇಂಗ್ಲಿಷ್‌ನಲ್ಲಿ ‘ಗ್ಲೀನ್’ ಬರೆದರೆ ತುಂಬಾ ಚಂದ ಕೂರುತ್ತದೆ. ಆದರೆ ಅದೇ ಶಾಸನವನ್ನು ಓದಿ ‘ಪುಲಕೇಶಿ ಹರ್ಷನನ್ನು ಸೋಲಿಸಿದ’ ಅಂತ ತಿಳಿದುಕೊಂಡರೆ ಅಲ್ಲಿ ‘ಗ್ಲೀನ್’ ಅಷ್ಟು ಒಪ್ಪುವುದಿಲ್ಲ. ಅದನ್ನು ಕವಿ ನೇರವಾಗಿಯೇ ಹೇಳಿದ್ದಾನೆ. ಅದಕ್ಕೆ ‘ಲರ್ನ್’ ಸಾಕು.

ಹಾಗಾದರೆ ‘ಇನ್ಫರ್’ ಅಂದರೂ ಇದೇ ಅಲ್ವಾ?

ಅಲ್ಲ, ಆದರೆ ಅಕ್ಕಪಕ್ಕದ ಕೆಲಸ. ಐಹೊಳೆಯನ್ನೇ ಮತ್ತೆ ತೆಗೆದುಕೊಳ್ಳಿ. ಕಾಳಿದಾಸನ ಹೆಸರು ಇಲ್ಲಿದೆ ಅಂತ ಆಯ್ದುಕೊಂಡದ್ದು ‘ಗ್ಲೀನ್’. ‘ಹಾಗಾದರೆ ಅವನು 634ಕ್ಕಿಂತ ಮುಂಚಿನವನು’ ಅಂತ ತಲೆ ಓಡಿಸಿದ್ದು ‘ಇನ್ಫರ್’. ಮೊದಲನೆಯದು ಕೈಯ ಕೆಲಸ, ಎರಡನೆಯದು ಬುದ್ಧಿಯ ಕೆಲಸ. ಸಾಮಾನ್ಯವಾಗಿ ಎರಡೂ ಒಟ್ಟಿಗೇ ನಡೆಯುತ್ತವೆ. ಅದಕ್ಕೇ ಈ ಗೊಂದಲ.

‘ಗ್ಯಾದರ್’, ‘ಕಲೆಕ್ಟ್’, ‘ರೀಪ್’ ಇವುಗಳ ಜೊತೆ ವ್ಯತ್ಯಾಸ?

‘ಗ್ಯಾದರ್’ ದೊಡ್ಡ ಮಾತು. ಜನ ಸೇರುವುದರಿಂದ ಹಿಡಿದು ಹೂ ಬಿಡಿಸುವುದರ ತನಕ ಎಲ್ಲಕ್ಕೂ ನಡೆಯುತ್ತದೆ. ಅನುಮಾನ ಬಂದಾಗ ಅದನ್ನೇ ಹಾಕಿ, ತಪ್ಪಾಗುವುದಿಲ್ಲ. ‘ಕಲೆಕ್ಟ್’ ಅಂದರೆ ಕ್ರಮವಾಗಿ ಕೂಡಿಸುವುದು. ‘ರೀಪ್’ ಅಂದರೆ ಕೊಯ್ಯುವುದು, ಅದು ಬೆಳೆದವರ ಕೆಲಸ. ರೀಪ್ ಆದ ಮೇಲೆಯೇ ಗ್ಲೀನ್.

ಸುಗ್ಗಿಯ ಪದಗಳನ್ನು ಒಂದು ಸಾಲಿನಲ್ಲಿ ಇಟ್ಟರೆ ಮಕ್ಕಳಿಗೆ ಬೇಗ ನೆನಪಿರುತ್ತದೆ. ‘ರೀಪ್’ ಕೊಯ್ಯು, ‘ಥ್ರೆಶ್’ ಒಕ್ಕು, ‘ವಿನ್ನೋ’ ತೂರು, ‘ಗ್ಲೀನ್’ ಹಕ್ಕಲಾಯು. ನಾಲ್ಕಕ್ಕೂ ಅಚ್ಚ ಕನ್ನಡ ಪದ ನಮ್ಮಲ್ಲಿ ಇದೆ. ಇನ್ನೂ ಖುಷಿಯ ವಿಷಯ, ‘ವಿನ್ನೋ’ಗೂ ಇಂಗ್ಲಿಷ್‌ನಲ್ಲಿ ಹೀಗೇ ಎರಡನೇ ಅರ್ಥ ಬೆಳೆದಿದೆ. ಜೊಳ್ಳು ಗಟ್ಟಿ ಬೇರೆ ಮಾಡಿದ ಹಾಗೆ ಸುಳ್ಳು ನಿಜ ಬೇರೆ ಮಾಡುವುದು. ನಾವೂ ‘ಜೊಳ್ಳು ಮಾತು’ ಅನ್ನುತ್ತೇವಲ್ಲ.

ವಾಕ್ಯದಲ್ಲಿ ಹೇಗೆ ಬಳಸಬೇಕು?

ಸಾಮಾನ್ಯ ರೂಪ: ‘ಗ್ಲೀನ್’ ಆದ ಮೇಲೆ ಏನು ಸಿಕ್ಕಿತು ಅನ್ನುವುದು, ಅದರ ಮುಂದೆ ‘ಫ್ರಮ್’, ಆಮೇಲೆ ಎಲ್ಲಿಂದ ಸಿಕ್ಕಿತು ಅನ್ನುವುದು. ‘ಶಿ ಗ್ಲೀನ್ಡ್ ಎ ಫ್ಯೂ ಫ್ಯಾಕ್ಟ್ಸ್ ಫ್ರಮ್ ದಿ ಓಲ್ಡ್ ಲೆಟರ್ಸ್.’ ಹಳೆಯ ಪತ್ರಗಳಿಂದ ಆಕೆ ಒಂದೆರಡು ಸಂಗತಿ ಹೆಕ್ಕಿ ತೆಗೆದಳು ಅಂತ ಅರ್ಥ.

ಭೂತಕಾಲಕ್ಕೆ ‘ಗ್ಲೀನ್ಡ್’. ರೂಪದಲ್ಲಿ ಯಾವ ತೊಡಕೂ ಇಲ್ಲ. ‘ಗ್ಲೀನರ್’ ಅಂದರೆ ಹಕ್ಕಲಾಯುವವರು. ‘ಗ್ಲೀನಿಂಗ್ಸ್’ ಅಂದರೆ ಆಯ್ದು ಬಂದ ಹಕ್ಕಲು. ‘ಕ್ಯಾನ್ ಬಿ ಗ್ಲೀನ್ಡ್ ಫ್ರಮ್’ ಅನ್ನುವ ರೂಪ ಪತ್ರಿಕೆ, ಸಂಶೋಧನಾ ಬರಹಗಳಲ್ಲಿ ಪದೇ ಪದೇ ಬರುತ್ತದೆ. ‘ಫ್ರಮ್ ವಾಟ್ ಐ ಕುಡ್ ಗ್ಲೀನ್’ ಅಂದರೆ ನನಗೆ ಅಲ್ಲಿ ಇಲ್ಲಿ ತಿಳಿದ ಮಟ್ಟಿಗೆ ಅಂತ. ಈ ಕೊನೆಯದನ್ನು ಬಾಯಿಪಾಠ ಮಾಡಿ ಇಟ್ಟುಕೊಳ್ಳಿ, ತುಂಬಾ ಉಪಯೋಗಕ್ಕೆ ಬರುತ್ತದೆ.

ದಿನನಿತ್ಯದ ಒಂದು ಸಂದರ್ಭ ಹೇಳುತ್ತೇನೆ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ. ನಿಮ್ಮೂರಿನ ಬಸ್ ಬರಲಿಲ್ಲ. ಯಾರೂ ಅನೌನ್ಸ್ ಮಾಡಲಿಲ್ಲ. ಚಹಾ ಅಂಗಡಿಯವರು ‘ಮಧ್ಯಾಹ್ನದ್ದೂ ಬಂದಿಲ್ರಿ’ ಅಂದರು. ಬೇರೆ ಬಸ್ಸಿನ ಕಂಡಕ್ಟರ್ ‘ಹಳ್ಳಕ್ಕ ನೀರು ಬಂದಾವಂತ’ ಅಂದರು. ಪಕ್ಕದ ಅಜ್ಜಿ ‘ನಮ್ಮ ಮಗಾ ಸುತ್ತ ಹಾಕಿ ಬಂದ್ನಂತ’ ಅಂದರು. ಯಾರೂ ನಿಮಗೆ ಪೂರ್ತಿ ಉತ್ತರ ಕೊಡಲಿಲ್ಲ. ಆದರೂ ಸೇತುವೆ ಮುಳುಗಿದೆ, ಬಸ್ ಈ ದಾರಿಯಲ್ಲಿ ಬರುವುದಿಲ್ಲ ಅಂತ ನಿಮಗೆ ಗೊತ್ತಾಯಿತು. ಅದು ಗ್ಲೀನಿಂಗ್. ವಿಚಾರಣೆ ಕಿಟಕಿಗೆ ಹೋಗಿ ಕೇಳಿ, ಅವರು ಎಲ್ಲ ಹೇಳಿದ್ದರೆ ಅದು ಗ್ಲೀನಿಂಗ್ ಆಗುತ್ತಿರಲಿಲ್ಲ.

ಎಲ್ಲಿ ಬಳಸಬಾರದು?

ಕ್ಲಾಸಿನಲ್ಲಿ ನಾನು ನೋಡಿದ ಮೂರು ತಪ್ಪು ಹೇಳುತ್ತೇನೆ.

ಒಬ್ಬ ಹುಡುಗ, ‘ನಮ್ಮ ತಂದೆ ಈ ವರ್ಷ 20 ಚೀಲ ಜೋಳ ಗ್ಲೀನ್ ಮಾಡಿದರು’ ಅಂತ ಬರೆದಿದ್ದ. ಸ್ವಂತ ಹೊಲದ 20 ಚೀಲ ಹಕ್ಕಲಾಗಲು ಸಾಧ್ಯವಿಲ್ಲ, ಅದು ರಾಶಿ. ಅಲ್ಲಿ ‘ಹಾರ್ವೆಸ್ಟ್’ ಬರಬೇಕು. ಇನ್ನೊಬ್ಬಳು, ‘ಪೊಲೀಸರು ದಂಡ ಗ್ಲೀನ್ ಮಾಡಿದರು’ ಅಂತ ಬರೆದಿದ್ದಳು. ದಂಡ ಕಲೆಕ್ಟ್ ಮಾಡುತ್ತಾರೆ. ಮೂರನೆಯದು ಸ್ವಲ್ಪ ಸೂಕ್ಷ್ಮ: ‘ಅಂಗಡಿಯಲ್ಲಿ ಒಳ್ಳೆಯ ಸೀರೆ ಗ್ಲೀನ್ ಮಾಡಿದೆ’. ನಮ್ಮ ಕಡೆ ‘ಆರಿಸು’ ಅನ್ನುವುದಕ್ಕೆ ಎರಡು ಅರ್ಥ ಇರುವುದರಿಂದ ಆದ ತಪ್ಪು ಇದು. ಹಕ್ಕಲಾ ಆರಿಸುತ್ತೇವೆ, ಸೀರೆಯನ್ನೂ ಆರಿಸುತ್ತೇವೆ. ಇಂಗ್ಲಿಷ್‌ನಲ್ಲಿ ಎರಡೂ ಬೇರೆ. ಬೇಕಾದ್ದನ್ನು ಆಯ್ಕೆ ಮಾಡಿದರೆ ‘ಚೂಸ್’. ಉಳಿದದ್ದನ್ನು ಹೆಕ್ಕಿದರೆ ಮಾತ್ರ ‘ಗ್ಲೀನ್’.

ಈ ಪದ ಎಲ್ಲಿಂದ ಬಂತು?

ಹಳೆಯ ಫ್ರೆಂಚ್‌ನ ‘ಗ್ಲೆನೆ’ಯಿಂದ ಸುಮಾರು 14ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ಬಂತು. ಅದರ ಹಿಂದೆ ಕೊನೆಗಾಲದ ಲ್ಯಾಟಿನ್. ಅದಕ್ಕೂ ಹಿಂದೆ ಗಾಲ್ ನಾಡಿನ, ಅಂದರೆ ಈಗಿನ ಫ್ರಾನ್ಸ್ ಕಡೆಯ, ಕೆಲ್ಟಿಕ್ ರೈತರ ಮಾತು ಇರಬಹುದು ಎಂದು ಭಾಷಾತಜ್ಞರು ಹೇಳುತ್ತಾರೆ. ಇವತ್ತಿಗೂ ಫ್ರೆಂಚ್‌ನಲ್ಲಿ ‘ಗ್ಲಾನೆ’ ಅಂದರೆ ಹಕ್ಕಲಾಯುವುದೇ.

ನನಗೆ ತುಂಬಾ ಇಷ್ಟವಾದ ಇನ್ನೊಂದು ಸಂಗತಿ ಇದೆ. ಜರ್ಮನ್‌ನಲ್ಲಿ ‘ಲೇಜೆನ್’ ಅಂದರೆ ಓದುವುದು. ಅದೇ ಪದಕ್ಕೆ ಹಳೆಯ ಅರ್ಥ ಆಯುವುದು, ಹೆಕ್ಕುವುದು. ದ್ರಾಕ್ಷಿ ಸುಗ್ಗಿಯ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ. ಲ್ಯಾಟಿನ್‌ನ ‘ಲೆಗೆರೆ’ಗೂ ಆಯು, ಓದು ಎರಡೂ ಅರ್ಥ. ಅಕ್ಷರ ಒಂದೊಂದಾಗಿ ಹೆಕ್ಕಿದರೆ ಅದೇ ಓದು ಅಂತ ಆ ಜನರಿಗೆ ಅನ್ನಿಸಿರಬೇಕು. ನಮ್ಮ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಈ ಪದಗಳ ವಿಷಯ ಮೊದಲ ಸಲ ಓದಿದ ದಿನ ನನಗೆ ಅವಳ ಬೆರಳುಗಳೇ ನೆನಪಾದವು.

ಇನ್ನೊಬ್ಬರ ಹೊಲದಲ್ಲಿ ಆಯುವುದು ಕಳ್ಳತನ ಅಲ್ಲವೇ? ‘ಗ್ಲೀನ್’ ಪದಕ್ಕೆ ಕೆಟ್ಟ ಅರ್ಥ ಇದೆಯೇ?

ಪದಕ್ಕೆ ಕೆಟ್ಟ ಅರ್ಥ ಇಲ್ಲ. ಆದರೆ ‘ಇದು ಯಾರ ಹಕ್ಕು’ ಅನ್ನುವ ಜಗಳ ತುಂಬಾ ಹಳೆಯದು, ಅದರ ಕಥೆ ದೊಡ್ಡದು.

ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲಿ ಒಂದು ನಿಯಮ ಇದೆ. ಹೊಲ ಕೊಯ್ಯುವಾಗ ಮೂಲೆಯವರೆಗೂ ಪೂರ್ತಿ ಕೊಯ್ಯಬೇಡಿ, ಬಿದ್ದದ್ದನ್ನು ಆಯಬೇಡಿ, ಬಡವರಿಗೂ ಪರದೇಶಿಗಳಿಗೂ ಬಿಡಿ. ಆ ನಿಯಮದ ಮೇಲೆಯೇ ರೂತಳ ಕಥೆ ನಿಂತಿದೆ. ಗಂಡ ಸತ್ತ ಹೆಣ್ಣುಮಗಳು, ಅತ್ತೆ ನವೊಮಿಯ ಜೊತೆ ಬೆತ್ಲೆಹೇಮಿಗೆ ಬಂದವಳು. ಅವಳಿಗೆ ಅದು ಪರವೂರು. ಬೋವಜನ ಜವೆಗೋದಿ ಹೊಲದಲ್ಲಿ ಹಕ್ಕಲಾಯಲು ಹೋಗುತ್ತಾಳೆ. ಅವನು ಆಳುಗಳಿಗೆ ಹೇಳುತ್ತಾನೆ: ಸಿವುಡಿನಿಂದ ಒಂದಷ್ಟು ತೆನೆ ಬೇಕೆಂದೇ ಎಳೆದು ಬಿಡಿ, ಅವಳು ಆಯ್ದುಕೊಳ್ಳಲಿ, ಗದರಿಸಬೇಡಿ. ಸಂಜೆ ಅವಳು ಆಯ್ದದ್ದನ್ನು ಬಡಿದು ಕಾಳು ಮಾಡಿಕೊಂಡು ಅತ್ತೆಗೆ ತಂದು ತೋರಿಸುತ್ತಾಳೆ. ಕನ್ನಡ ಬೈಬಲ್‌ನಲ್ಲಿ ಈ ಕಡೆಯೆಲ್ಲ ‘ಹಕ್ಕಲಾಯು’ ಎಂಬ ಪದವೇ ಇದೆ. ಅನುವಾದ ಮಾಡಿದವರು ಸರಿಯಾದ ಪದ ಹುಡುಕಿದ್ದರು.

ಫ್ರಾನ್ಸ್‌ನಲ್ಲಿ 1554ರ ರಾಜಾಜ್ಞೆಯೊಂದು ಬಡವರಿಗೆ, ಕೈಲಾಗದವರಿಗೆ ಸುಗ್ಗಿಯ ನಂತರ ಹಕ್ಕಲಾಯಲು ಅವಕಾಶ ಕೊಟ್ಟಿತ್ತು. ಇಂಗ್ಲೆಂಡಿನ ಹಳ್ಳಿಗಳಲ್ಲೂ ಇದು ರೂಢಿಯ ಹಕ್ಕಾಗಿತ್ತು. ಎಷ್ಟೋ ಊರುಗಳಲ್ಲಿ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸಿದ ಮೇಲೆ ಹೆಂಗಸರು ಮಕ್ಕಳು ಹೊಲಕ್ಕೆ ಇಳಿಯಬೇಕಿತ್ತು, ಸಂಜೆ ಮತ್ತೆ ಗಂಟೆ ಆದಾಗ ಹೊರಗೆ ಬರಬೇಕಿತ್ತು. ಯಾರೂ ಮೊದಲೇ ನುಗ್ಗಬಾರದು ಅಂತ ಈ ವ್ಯವಸ್ಥೆ.

1788ರಲ್ಲಿ ಅಲ್ಲಿ ಒಂದು ದೊಡ್ಡ ತೀರ್ಪು ಬಂತು. ಸಫೊಕ್ ಪ್ರಾಂತ್ಯದ ಟಿಮ್‌ವರ್ತ್ ಎಂಬ ಹಳ್ಳಿ. ಮೇರಿ ಹೌಟನ್ ಎಂಬ ಹೆಂಗಸು ಸ್ಟೀಲ್ ಎಂಬವರ ಹೊಲದಲ್ಲಿ ಹಕ್ಕಲಾಯ್ದಿದ್ದಳು. ಸ್ಟೀಲ್ ಕೋರ್ಟಿಗೆ ಹೋದರು. ಹಕ್ಕಲಾಯುವುದು ಕಾನೂನಿನ ಹಕ್ಕಲ್ಲ, ಮಾಲೀಕರು ಒಪ್ಪಿದರೆ ಮಾತ್ರ ಸಿಗುವ ಅವಕಾಶ ಎಂದು ನ್ಯಾಯಾಲಯ ಹೇಳಿತು. ತೀರ್ಪು ಹಾಗೆ ಬಂದರೂ ರೂಢಿ ನಿಲ್ಲಲಿಲ್ಲ. ಮುಂದಿನ ಶತಮಾನದಲ್ಲೂ ಹೆಂಗಸರು ಹೊಲಕ್ಕೆ ಇಳಿಯುತ್ತಲೇ ಇದ್ದರು. ಒಂದು ಹೆಂಗಸಿನ ಉಡಿಯಲ್ಲಿನ ತೆನೆಗೋಸ್ಕರ ದೇಶದ ದೊಡ್ಡ ನ್ಯಾಯಾಧೀಶರು ಕೂತು ವಾದ ಕೇಳಬೇಕಾಯಿತು ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ನಮ್ಮ ಹಳ್ಳಿಯಲ್ಲಿ ಗಂಟೆಯೂ ಇರಲಿಲ್ಲ, ಕೋರ್ಟೂ ಇರಲಿಲ್ಲ. ‘ಕಾಕಾ, ಆರಿಸ್ಕೋತೀವ್ರಿ’ ಅಂದರೆ ಆಯಿತು. ಕೇಳದೆ ಇಳಿಯುತ್ತಿರಲಿಲ್ಲ. ಕೇಳಿದರೆ ಬೇಡ ಅನ್ನುತ್ತಿರಲಿಲ್ಲ.

ಕ್ಲಾಸಿನಲ್ಲಿ ಹಕ್ಕಲಾಯುವವರ ಒಂದು ಚಿತ್ರದ ಬಗ್ಗೆ ಹೇಳುತ್ತೀರಲ್ಲ, ಅದು ಯಾವುದು?

‘ದಿ ಗ್ಲೀನರ್ಸ್’, ಅಂದರೆ ಹಕ್ಕಲಾಯುವವರು. ಫ್ರಾನ್ಸಿನ ಚಿತ್ರಕಾರ ಮಿಲೆ 1857ರಲ್ಲಿ ಬರೆದದ್ದು. ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಮೂವರು ಹೆಂಗಸರು. ಇಬ್ಬರು ಪೂರ್ತಿ ಬಾಗಿದ್ದಾರೆ, ಒಬ್ಬಳು ಅರ್ಧ ಬಾಗಿದ್ದಾಳೆ. ದೂರದಲ್ಲಿ ಮಾಲೀಕರ ದೊಡ್ಡ ದೊಡ್ಡ ಬಣವಿ, ತುಂಬಿದ ಬಂಡಿ. ಅಲ್ಲಿ ಬೆಳಕು ಜಾಸ್ತಿ. ಹೆಂಗಸರ ಕೈಯಲ್ಲಿ ಮುಷ್ಟಿ ತೆನೆ. ‘ಗ್ಲೀನ್’ ಅರ್ಥ ಆಗದ ಮಕ್ಕಳಿಗೆ ನಾನು ಮೊಬೈಲಿನಲ್ಲಿ ಈ ಚಿತ್ರ ತೋರಿಸುತ್ತೇನೆ. ಒಮ್ಮೆ ಒಬ್ಬ ಹುಡುಗಿ ನೋಡಿದ ಕೂಡಲೇ, ‘ಅಯ್ಯ, ಹಕ್ಕಲಾ ಆರಸಾಕತ್ತಾರ್ರಿ’ ಅಂದಳು. ಆಮೇಲೆ ನಾನು ಏನೂ ವಿವರಿಸಬೇಕಾಗಲಿಲ್ಲ.

ಈ ಚಿತ್ರದಿಂದ ಹೆಸರು ತೆಗೆದುಕೊಂಡು 1923ರಲ್ಲಿ ಅಮೆರಿಕದಲ್ಲಿ ‘ಗ್ಲೀನರ್’ ಎಂಬ ಕೊಯ್ಲು ಯಂತ್ರ ಬಂತು. ಜಮೈಕಾದಲ್ಲಿ 1834ರಿಂದ ನಡೆಯುತ್ತಿರುವ ‘ಗ್ಲೀನರ್’ ಎಂಬ ಪತ್ರಿಕೆಯೂ ಇದೆ. ಸುದ್ದಿಗೆ ಎಷ್ಟು ಒಪ್ಪುವ ಹೆಸರು!

ನಮ್ಮ ಶರಣರಲ್ಲಿ ಆಯ್ದಕ್ಕಿ ಮಾರಯ್ಯ ಇದ್ದಾರಲ್ಲ, ಅದೂ ಇದೇನಾ?

ಹೌದು. ಈ ಪ್ರಶ್ನೆ ಕೇಳಿದ್ದು ಬಸವನ ಬಾಗೇವಾಡಿಯ ಒಬ್ಬ ವಿದ್ಯಾರ್ಥಿ. ಬಸವಣ್ಣನವರ ಊರಿನವನಿಗೇ ಹೊಳೆಯಬೇಕಾದ ಪ್ರಶ್ನೆ. ‘ಆಯ್ದ ಅಕ್ಕಿ’ ಅನ್ನುವುದೇ ‘ಆಯ್ದಕ್ಕಿ’. 12ನೇ ಶತಮಾನದ ಕಲ್ಯಾಣದಲ್ಲಿ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಹೆಂಡತಿ ಲಕ್ಕಮ್ಮನವರ ಹೆಸರಿನ ಮುಂದೆಯೂ ಅದೇ ‘ಆಯ್ದಕ್ಕಿ’ ಇದೆ.

ಒಂದು ದಿನ ಮಾರಯ್ಯ ದಿನದ ಲೆಕ್ಕಕ್ಕಿಂತ ಜಾಸ್ತಿ ಅಕ್ಕಿ ತಂದರು. ಲಕ್ಕಮ್ಮ ಒಪ್ಪಲಿಲ್ಲ. ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ ಎಂದು ಕೇಳಿ, ಹೆಚ್ಚಿನದನ್ನು ತಂದ ಜಾಗಕ್ಕೇ ಸುರಿದು ಬನ್ನಿ ಎಂದರು. ಹಕ್ಕಲಿಗೂ ಒಂದು ಅಳತೆ ಇದೆ ಎಂದು ಹೇಳಿದ ಹೆಣ್ಣುಮಗಳು ಅವರು. ಇಂಗ್ಲಿಷ್‌ನಲ್ಲಿ ಮಾರಯ್ಯನವರ ಬಗ್ಗೆ ಬರೆಯಬೇಕಾದರೆ ‘ಕಲೆಕ್ಟೆಡ್ ರೈಸ್’ ಅಂತ ಬರೆಯಬೇಡಿ. ‘ಗ್ಲೀನ್ಡ್’ ಅಂತ ಬರೆಯಿರಿ. ಅಕ್ಕಿ ವ್ಯಾಪಾರಿ ಬೇರೆ, ಆಯ್ದಕ್ಕಿ ಮಾರಯ್ಯ ಬೇರೆ.

ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವಾಗ ಯಾವ ಪದ ಹಾಕಲಿ?

ಹೊಲದ ಅರ್ಥ ಇದ್ದರೆ ಕಣ್ಣು ಮುಚ್ಚಿ ‘ಹಕ್ಕಲಾಯು’ ಹಾಕಿ. ಮಾಹಿತಿಯ ಅರ್ಥ ಇದ್ದರೆ ಸಂದರ್ಭ ನೋಡಬೇಕು. ಪತ್ರಿಕೆಯವರು ‘ಮಾಹಿತಿ ಕಲೆಹಾಕಿದರು’ ಅಂತ ಬರೆಯುತ್ತಾರೆ, ಅದು ಚೆನ್ನಾಗಿದೆ. ‘ಹೆಕ್ಕಿ ತೆಗೆ’, ‘ಅಲ್ಲಿಷ್ಟು ಇಲ್ಲಿಷ್ಟು ತಿಳಿದುಕೊ’, ‘ಆಯ್ದುಕೊ’ ಇವೂ ನಡೆಯುತ್ತವೆ.

ನನ್ನ ಆಸೆ ಕೇಳಿದರೆ, ಮಾಹಿತಿಗೂ ‘ಹಕ್ಕಲಾಯು’ ಅಂತಲೇ ಬರೆಯಬೇಕು. ಇಂಗ್ಲಿಷಿನವರು ಹೊಲದ ಪದವನ್ನು ಓದಿನ ಕೋಣೆಗೆ ಕರೆತಂದರು. ನಾವೂ ಕರೆತರಬಹುದು. ‘ಹಳೆಯ ಕಡತಗಳಿಂದ ಹಕ್ಕಲಾಯ್ದ ಸಂಗತಿಗಳು’ ಅಂತ ಬರೆದು ನೋಡಿ. ಮೊದಲ ಸಲ ಹೊಸದು ಅನ್ನಿಸುತ್ತದೆ, ಎರಡನೇ ಸಲ ನಮ್ಮದೇ ಅನ್ನಿಸುತ್ತದೆ.

ಪರೀಕ್ಷೆಯಲ್ಲಿ ಬರುತ್ತದೆಯೇ?

ಸಮಾನಾರ್ಥಕ ಪದದ ಪ್ರಶ್ನೆಗಳಲ್ಲಿ ಬರಬಹುದು. ಆಯ್ಕೆಗಳಲ್ಲಿ ‘ಗ್ಯಾದರ್’ ಇದ್ದರೆ ಅದನ್ನು ಗುರುತು ಮಾಡಿ. ಜೊತೆಗೆ ‘ಶೈನ್’ ಕೊಟ್ಟಿದ್ದರೆ ಅದು ‘ಗ್ಲೀಮ್’ ಅಂದುಕೊಂಡವರಿಗೆ ಇಟ್ಟ ಬಲೆ.

ಮಾತಿನಲ್ಲಿ ಬಳಸಿದರೆ ಜನ ವಿಚಿತ್ರವಾಗಿ ನೋಡುತ್ತಾರಾ?

ಸುಮ್ನೆ ಹರಟುವಾಗ ಸ್ವಲ್ಪ ಗಂಭೀರ ಅನ್ನಿಸಬಹುದು. ಬರಹದಲ್ಲಿ, ಸಂದರ್ಶನದಲ್ಲಿ, ಪ್ರಾಜೆಕ್ಟ್ ವರದಿಯಲ್ಲಿ ಧಾರಾಳವಾಗಿ ಬಳಸಿ. ಒಂದು ಪುಟದಲ್ಲಿ ಒಂದು ಸಲ ಸಾಕು.

ಈಗಲೂ ಹಕ್ಕಲಾಯುತ್ತಾರಾ? ನನ್ನ ಮಕ್ಕಳಿಗೆ ಆ ಪದವೇ ಗೊತ್ತಿಲ್ಲ.

ಆಯುತ್ತಾರೆ, ಕಡಿಮೆಯಾಗಿದೆ. ರೇಷನ್ ಅಕ್ಕಿ ಬರುತ್ತದೆ. ಕೂಲಿ ಮೊದಲಿಗಿಂತ ಮೇಲು. ಒಂದು ದಿನ ಬಾಗಿ ಎರಡು ಸೇರು ಜೋಳ ತರುವ ಬದಲು ಕೂಲಿಗೆ ಹೋಗುವುದೇ ವಾಸಿ. ಅದು ಒಳ್ಳೆಯದೇ. ನಮ್ಮ ಅವ್ವನ ಸೊಂಟನೋವು ಮುಂದಿನವರಿಗೆ ಬೇಡ. ಆದರೆ ಕೆಲಸದ ಜೊತೆ ಪದವೂ ಹೋಗುವುದು ಬೇಡ ಅನ್ನಿಸುತ್ತದೆ.

ಶೇಂಗಾ ಕಿತ್ತ ಹೊಲದಲ್ಲಿ ಇವತ್ತಿಗೂ ಕುರ್ಪಿ ಹಿಡಿದು ಮಣ್ಣು ಕೆದರುವ ಹೆಂಗಸರು ಕಾಣುತ್ತಾರೆ. ಮಣ್ಣಲ್ಲಿ ಉಳಿದ ಕಾಯಿ ಹುಡುಕುತ್ತಾರೆ. ಬಾಗಲಕೋಟೆ ಕಡೆ ಉಳ್ಳಾಗಡ್ಡಿ ಹೊಲದಲ್ಲಿ ಸಣ್ಣ ಗಡ್ಡೆ, ಬೆಳಗಾವಿ ಕಡೆ ಬಟಾಟಿ ಹೊಲದಲ್ಲಿ ಉಳಿದದ್ದು. ಬೇರೆ ಬೇರೆ ಬೆಳೆ, ಕೆಲಸ ಒಂದೇ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಇಂಗ್ಲೆಂಡ್, ಅಮೆರಿಕದಲ್ಲಿ ಈಗ ಸ್ವಯಂಸೇವಕರು ಹೊಲಕ್ಕೆ ಹೋಗಿ ಉಳಿದ ತರಕಾರಿ ಆಯ್ದು ಹಸಿದವರಿಗೆ ತಲುಪಿಸುತ್ತಾರೆ. ಅದನ್ನೂ ‘ಗ್ಲೀನಿಂಗ್’ ಅಂತಲೇ ಕರೆಯುತ್ತಾರೆ. ಪದದ ಹಳೆಯ ಅರ್ಥ ಅಲ್ಲಿ ಮತ್ತೆ ಬದುಕಿದೆ.

ನಾನು ಬರೆದ ವಾಕ್ಯ ಸರಿ ಇದೆಯೋ ಇಲ್ಲವೋ ಹೇಗೆ ನೋಡಿಕೊಳ್ಳಲಿ?

‘ಗ್ಲೀನ್’ ತೆಗೆದು ಆ ಜಾಗದಲ್ಲಿ ‘ಹಕ್ಕಲಾಯು’ ಇಟ್ಟು ಕನ್ನಡದಲ್ಲಿ ಹೇಳಿಕೊಳ್ಳಿ. ಕಿವಿಗೆ ಒಪ್ಪಿದರೆ ವಾಕ್ಯ ಸರಿ. ‘ಪೊಲೀಸರು ದಂಡ ಹಕ್ಕಲಾಯ್ದರು’ ಒಪ್ಪುತ್ತದಾ? ಇಲ್ಲ. ‘ಅಜ್ಜಿಯ ಟ್ರಂಕಿನಲ್ಲಿದ್ದ ಚೀಟಿಗಳಿಂದ ಅವಳ ಜೀವನ ಹಕ್ಕಲಾಯ್ದೆ’ ಒಪ್ಪುತ್ತದೆ.

ಈ ಎರಡನೆಯದು ನಾನು ಕಟ್ಟಿದ ವಾಕ್ಯ ಅಲ್ಲ. ಇಂಡಿ ಕಡೆಯ ಒಬ್ಬ ವಿದ್ಯಾರ್ಥಿನಿ ಕಳೆದ ವರ್ಷ ಬರೆದದ್ದು. ಅಜ್ಜಿ ತೀರಿಕೊಂಡ ಮೇಲೆ ಟ್ರಂಕ್ ತೆಗೆದರಂತೆ. ಒಂದು ಹಳೆಯ ರೇಷನ್ ಕಾರ್ಡು, ಸೊಸೈಟಿಯ ಎರಡು ರಸೀದಿ, ಪಂಢರಪುರಕ್ಕೆ ಹೋದ ಬಸ್ ಟಿಕೆಟ್ಟು, ಹೆಬ್ಬೆಟ್ಟು ಒತ್ತಿದ ಒಂದು ಸಾಲದ ಕಾಗದ. ಇಷ್ಟರಿಂದ ಅಜ್ಜಿ ಯಾವ ವರ್ಷ ಎಲ್ಲಿದ್ದಳು, ಯಾವ ಬರಗಾಲದಲ್ಲಿ ಸಾಲ ಮಾಡಿದಳು, ಅದನ್ನು ಯಾವಾಗ ತೀರಿಸಿದಳು ಅಂತ ಆ ಹುಡುಗಿ ಎರಡು ಪುಟ ಇಂಗ್ಲಿಷ್‌ನಲ್ಲಿ ಬರೆದು ತಂದಿದ್ದಳು. ‘ಗ್ಲೀನ್ಡ್’ ಒಂದೇ ಕಡೆ ಬಂದಿತ್ತು. ನಾನು ಕೆಂಪು ಪೆನ್ನಿನಿಂದ ಅದರ ಕೆಳಗೆ ಗೆರೆ ಎಳೆದು ‘ಸರಿ’ ಅಂತ ಬರೆದೆ.